ವಿಡಿಯೊ ನೋಡದೆ ತರಗತಿಗೆ ಬಂದರೆ ಏನು ಮಾಡೋದು?

ಪ್ರಶ್ನೆ: ಕೋಲಾರ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಪಾಠದ ವಿಡಿಯೊ ಮೊದಲೇ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ತರಗತಿಯಲ್ಲಿ ಚರ್ಚೆ ಮಾಡಿಸೋಣ ಎಂದುಕೊಂಡೆ. ಅರ್ಧ ಜನ ನೋಡದೇ ಬರುತ್ತಾರೆ. ಕೊನೆಗೆ ಪಾಠ ನಾನೇ ಮತ್ತೆ ಮಾಡಬೇಕಾಗುತ್ತದೆ. ಈ ಬ್ಲೆಂಡೆಡ್ ವಿಧಾನ ನಮ್ಮ ಮಕ್ಕಳಿಗೆ ಆಗಿಬರುತ್ತದಾ?

ಉತ್ತರ: ಖಂಡಿತ ಆಗಿಬರುತ್ತದೆ. ಆದರೆ ಪಾಠ ಮತ್ತೆ ಮಾಡುವುದನ್ನು ಮೊದಲು ನಿಲ್ಲಿಸಿ. 'ಹೇಗೂ ಕ್ಲಾಸಲ್ಲಿ ಹೇಳ್ತಾರೆ ಬಿಡು' ಅನ್ನುವುದು ಗೊತ್ತಾದರೆ, ಈಗ ನೋಡುತ್ತಿರುವವರೂ ಮುಂದಿನ ವಾರ ನೋಡುವುದಿಲ್ಲ.

ಮನೆಯಲ್ಲಿ ಮಾಡುವ ಭಾಗ ಚಿಕ್ಕದಿರಲಿ. ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗಿಗೆ ಸಂಜೆ ಮನೆಗೆ ಹೋದರೆ ಹಾಲು ಕರೆಯುವ ಕೆಲಸವಿರುತ್ತದೆ. ನಲವತ್ತು ನಿಮಿಷದ ವಿಡಿಯೊ ನೋಡಲು ಅವಳಿಗೆ ಹೊತ್ತೆಲ್ಲಿ? ಏಳೆಂಟು ನಿಮಿಷ, ಒಂದೇ ವಿಷಯ ಸಾಕು. ನೆಟ್‌ವರ್ಕ್ ಸಿಗದವರಿಗೆ ಅದನ್ನೇ ಒಂದು ಪುಟದಲ್ಲಿ ಬರೆದುಕೊಡಿ. ಜೊತೆಗೊಂದು ಪ್ರಶ್ನೆ ಇರಲಿ, ಉತ್ತರ ಬರೆದುಕೊಂಡು ಬರಲಿ. ಬರೆಯದೆ ಬಂದವರು ಹಿಂದಿನ ಬೆಂಚಿನಲ್ಲಿ ಕೂತು ಆ ಪುಟ ಓದಿ, ಆಮೇಲೆ ಉಳಿದವರ ಜೊತೆ ಸೇರಲಿ. ಬೈಯೋದು ಬೇಡ.

ನಿಜವಾದ ಕಲಿಕೆ ಆಗುವುದು ತರಗತಿಯಲ್ಲೇ. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನೇ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನೇ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಹೀಗೆ ಬರೆಯಿರಿ: 'ಈ ಸಲ ಟೊಮೆಟೊ ಒಂದೂವರೆ ಪಟ್ಟು ಬಂದಿದೆ. ಎಲ್ಲ ರೈತರಿಗೂ ಸೇರಿ ಸಿಗುವ ಒಟ್ಟು ದುಡ್ಡು 1) ಜಾಸ್ತಿ 2) ಅಷ್ಟೇ 3) ಕಡಿಮೆ?' ಪಕ್ಕದವರಿಗೆ ಕಾಣದಂತೆ ಎದೆಯ ಹತ್ತಿರ ಬೆರಳು ತೋರಿಸಿ ಉತ್ತರಿಸಲಿ. ನೀವು ಉತ್ತರ ಹೇಳಬೇಡಿ. ಬೇರೆ ಉತ್ತರ ಕೊಟ್ಟವರ ಜೊತೆ ಎರಡು ನಿಮಿಷ ವಾದ ಮಾಡಲಿ, ಮತ್ತೆ ಬೆರಳು ತೋರಿಸಲಿ. ಎಪಿಎಂಸಿಗೆ ಬಾಕ್ಸ್ ಸಾಗಿಸಿದ ಮನೆಯ ಮಕ್ಕಳು ನಿಮ್ಮ ಕ್ಲಾಸಿನಲ್ಲೇ ಇರುತ್ತಾರೆ ಅಲ್ವಾ? ಬೆಲೆ ಅರ್ಧಕ್ಕಿಳಿದರೂ ಯಾರೂ ಸಾರಿಗೆ ಎರಡರಷ್ಟು ಟೊಮೆಟೊ ಹಾಕಲ್ಲ ಎಂದು ಅವರೇ ಹೇಳಿಬಿಡುತ್ತಾರೆ. ಆಗ ಲೆಕ್ಕ ಮಾಡಿಸಿ: 400 ರೂಪಾಯಿಯಂತೆ 100 ಬಾಕ್ಸಿಗೆ 40,000. 200 ರೂಪಾಯಿಯಂತೆ 150 ಬಾಕ್ಸಿಗೆ 30,000. ವ್ಯಾಖ್ಯೆಯನ್ನು ಆಮೇಲೆ ಬರೆಸಿದರೆ ಸಾಕು.

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಲ್ಲಿ ಶುರುಮಾಡಿದ ವಿಧಾನ ಇದು. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ನೋಡಿದಾಗ, ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು ಶೇ 34 ಮಂದಿ ಫೇಲಾಗಿದ್ದರು. ಚರ್ಚೆ, ಲೆಕ್ಕ ಎಂದು ತರಗತಿಯಲ್ಲಿ ತಾವೇ ಕೆಲಸ ಮಾಡುತ್ತ ಕಲಿತವರಲ್ಲಿ ಅದು ಸುಮಾರು ಶೇ 22.

'ಪಾಠಾನೇ ಮಾಡಲ್ಲ' ಎಂಬ ದೂರು ಬಂದೇ ಬರುತ್ತದೆ. ಹಾರ್ವರ್ಡ್‌ನಲ್ಲೇ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಕಲಿತ ಮಕ್ಕಳು ಜಾಸ್ತಿ ಕಲಿತಿದ್ದರೂ ತಾವು ಕಲಿತದ್ದು ಕಡಿಮೆ ಎಂದೇ ಅಂದುಕೊಂಡಿದ್ದರು. ತಲೆಗೆ ಕೆಲಸ ಕೊಟ್ಟಾಗ ಹಾಗೆ ಅನ್ನಿಸುತ್ತದೆ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಯನ್ನು ಗುಂಪಿನಲ್ಲಿ ಬರೆಸಿ, ಪರೀಕ್ಷೆಯ ಭಯವೂ ಇಳಿಯುತ್ತದೆ. ಇಡೀ ಸೆಮಿಸ್ಟರ್ ಒಮ್ಮೆಗೇ ಬದಲಾಯಿಸಲು ಹೋಗಬೇಡಿ. ಮಕ್ಕಳಿಗೆ ಅತಿ ಕಷ್ಟವಾಗುವ ಒಂದು ಘಟಕದಿಂದ ಶುರುಮಾಡಿ.