ಪ್ರೊಟಿಸ್ಟ್: ಕಡಲಲ್ಲಿ, ತೋಟದಲ್ಲಿ, ರಕ್ತದಲ್ಲಿ

ಆಟಿಯ ಮಳೆ ಬಿಡದೆ ಹೊಡೆಯುವಾಗ ಅಡಿಕೆ ತೋಟದವರಿಗೆ ಇರುವುದು ಒಂದೇ ಚಿಂತೆ, ಕೊಳೆರೋಗ. ಎಳೆಯ ಕಾಯಿ ಕೊಳೆತು ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಕಾಯಿಯ ಮೇಲೆ ಬೆಳ್ಳಗೆ ಹತ್ತಿಯ ಹಾಗೆ ಏನೋ ಹಬ್ಬಿರುತ್ತದೆ. ನೋಡಿದವರು ಶಿಲೀಂಧ್ರ ಅನ್ನುತ್ತಾರೆ. ಎಷ್ಟೋ ಕಡೆ ಹಾಗೇ ಬರೆದಿದ್ದಾರೆ ಕೂಡ. ಆದರೆ ಫೈಟಾಫ್ತೊರಾ ಎಂಬ ಈ ಜೀವಿ ಶಿಲೀಂಧ್ರ ಅಲ್ಲ. ಅದು ಪ್ರೊಟಿಸ್ಟ್.

ಹಾಗಾದರೆ ಪ್ರೊಟಿಸ್ಟ್ ಅಂದರೆ ಏನು? ಗ್ರೀಕ್ ಮೂಲದ ಈ ಪದಕ್ಕೆ 'ಎಲ್ಲಕ್ಕಿಂತ ಮೊದಲಿನದು' ಎಂದು ಅರ್ಥ. 1866ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಇದನ್ನು ಬಳಕೆಗೆ ತಂದರು. ಅಲ್ಲಿಯವರೆಗೆ ಜೀವಿಗಳನ್ನು ಗಿಡ, ಪ್ರಾಣಿ ಎಂದು ಎರಡೇ ಪಾಲು ಮಾಡುತ್ತಿದ್ದರು. ಎರಡಕ್ಕೂ ಸೇರದ ಸಣ್ಣ ಜೀವಿಗಳಿಗೆ ಹೆಕೆಲ್ ಮೂರನೆಯ ಮನೆ ಕಟ್ಟಿದರು. ಅದರಲ್ಲಿ ಬ್ಯಾಕ್ಟೀರಿಯಾಗಳೂ ಇದ್ದವು. ಮುಂದೆ ಅವು ಹೊರಗೆ ಹೋದವು. ಪಿಯುಸಿಯಲ್ಲಿ ಓದುವ, ಜೀವಿಗಳನ್ನೆಲ್ಲ ಐದು ಸಾಮ್ರಾಜ್ಯ ಮಾಡುವ ಲೆಕ್ಕ 1969ರಲ್ಲಿ ಅಮೆರಿಕದ ವಿಟೇಕರ್ ಕೊಟ್ಟಿದ್ದು.

ಈಗಿನ ಅರ್ಥ ಇಷ್ಟು: ಜೀವಕೋಶದೊಳಗೆ ಪೊರೆಯಿರುವ ಕೋಶಕೇಂದ್ರ ಇರಬೇಕು, ಆದರೆ ಆ ಜೀವಿ ಗಿಡ, ಪ್ರಾಣಿ, ಶಿಲೀಂಧ್ರ ಯಾವುದೂ ಆಗಿರಬಾರದು. ಅಂದರೆ ಇದು ಮಿಕ್ಕವರನ್ನೆಲ್ಲ ಕೂರಿಸಿದ ಬುಟ್ಟಿ. ಹಾಗಾಗಿ ಎಲ್ಲರಿಗೂ ಒಪ್ಪುವ ಲಕ್ಷಣ ಹೇಳುವುದು ಕಷ್ಟ. ಹೆಚ್ಚಿನವಕ್ಕೆ ಒಂದೇ ಜೀವಕೋಶ. ತಿನ್ನುವುದು, ಚಲಿಸುವುದು, ಮರಿ ಮಾಡುವುದು ಎಲ್ಲ ಆ ಒಂದರಲ್ಲೇ. ನೀರು ಅಥವಾ ತೇವ ಬೇಕೇ ಬೇಕು. ಅಮೀಬಾ ಮೈಯನ್ನೇ ಚಾಚಿ ಸರಿಯುತ್ತದೆ, ಪ್ಯಾರಮೀಸಿಯಂ ಮೈಮೇಲಿನ ರೋಮ ಬಡಿದು ಈಜುತ್ತದೆ. ಯೂಗ್ಲೀನಾ ಬಿಸಿಲಿದ್ದರೆ ಗಿಡದ ಹಾಗೆ ಆಹಾರ ತಯಾರಿಸುತ್ತದೆ, ಬೆಳಕಿಲ್ಲದಿದ್ದರೆ ಹೊರಗಿನ ಆಹಾರದಿಂದ ಬದುಕುತ್ತದೆ.

ಪಠ್ಯಪುಸ್ತಕ ಪ್ರೊಟಿಸ್ಟ್‌ಗಳನ್ನು ಐದು ಗುಂಪು ಮಾಡುತ್ತದೆ: ಡಯಾಟಮ್‌ಗಳಿರುವ ಕ್ರೈಸೊಫೈಟ್, ಡೈನೊಫ್ಲ್ಯಾಜೆಲೇಟ್, ಯೂಗ್ಲೀನಾದ ಗುಂಪು, ಸ್ಲೈಮ್ ಮೌಲ್ಡ್, ಪ್ರೊಟೊಜೋವಾ. ಪರೀಕ್ಷೆಗೆ ಇದು ಸಾಕು. ಆದರೆ ನನಗೆ ಇಷ್ಟವಾಗುವುದು ಈ ಪಟ್ಟಿಯಲ್ಲಿ ಕಾಣಿಸದ ನೆಂಟಸ್ತಿಕೆ.

ಡಯಾಟಮ್ ತಗೊಳ್ಳಿ, ಒಂದೇ ಜೀವಕೋಶದ ಪಾಚಿ. ಗಾಜು ಯಾವುದರಿಂದ ಆಗಿದೆಯೋ ಅದೇ ಸಿಲಿಕಾದ ಚಿಪ್ಪು ಇದಕ್ಕೆ. ಸೋಪಿನ ಡಬ್ಬಿಯ ಹಾಗೆ ಎರಡು ತುಂಡು, ಒಂದರೊಳಗೆ ಒಂದು ಕೂರುತ್ತದೆ. ಮಳೆಗಾಲದಲ್ಲಿ ನಮ್ಮ ಕಡಲಿನ ತಳದ ತಣ್ಣೀರು ಗೊಬ್ಬರ ಹೊತ್ತು ಮೇಲೆ ಬರುತ್ತದೆ. ಡಯಾಟಮ್ ವಿಪರೀತ ಬೆಳೆಯುತ್ತದೆ. ಬೂತಾಯಿ ಮೀನು ಹಿಂಡು ಹಿಂಡಾಗಿ ಬಂದು ಅದನ್ನು ತಿನ್ನುತ್ತದೆ. ಮಲ್ಪೆಯಲ್ಲಿ ಬುಟ್ಟಿ ತುಂಬುವ ಬೂತಾಯಿ, ಮನೆಯ ಬೂತಾಯಿ ಗಸಿ, ಎಲ್ಲದರ ಹಿಂದೆ ಈ ಪ್ರೊಟಿಸ್ಟ್ ಇದೆ.

ಇದೇ ಡಯಾಟಮ್‌ಗೆ ಹತ್ತಿರದ ನೆಂಟ ಯಾರು ಗೊತ್ತಾ? ಕೊಳೆರೋಗದ ಫೈಟಾಫ್ತೊರಾ! ಅದರ ಬೀಜಕಣಕ್ಕೆ ಎರಡು ಬಾಲ, ಒಂದು ನುಣುಪು, ಇನ್ನೊಂದರಲ್ಲಿ ಸಣ್ಣ ಸಣ್ಣ ಕೂದಲು. ಈ ಕೂದಲಿನ ಬಾಲವೇ ಆ ಕುಟುಂಬದ ಗುರುತು. ಕಾಯಿಯ ಮೇಲಿನ ಮಳೆನೀರಿನಲ್ಲಿ ಕಣಗಳು ಈಜುತ್ತವೆ. ಮಳೆ ಜಾಸ್ತಿಯಾದಷ್ಟೂ ರೋಗ ಜಾಸ್ತಿ ಆಗುವುದು ಅದಕ್ಕೇ. ಅದರ ಕೋಶದ ಗೋಡೆಯಲ್ಲಿ ಮುಖ್ಯವಾಗಿ ಇರುವುದು ಶಿಲೀಂಧ್ರದ ಕೈಟಿನ್ ಅಲ್ಲ, ಗಿಡದಲ್ಲಿರುವಂಥ ಸೆಲ್ಯುಲೋಸ್. ಹೆಸರು ತಪ್ಪಾದರೆ ಏನಾಯಿತು ಅಂತ ಸುಮ್ನೆ ಬಿಡುವ ಹಾಗಿಲ್ಲ. ಶಿಲೀಂಧ್ರಕ್ಕೆಂದೇ ಮಾಡಿದ ಕೆಲವು ಮದ್ದು ಇದಕ್ಕೆ ನಾಟುವುದಿಲ್ಲ. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಮಾತ್ರ ಇದನ್ನೂ ತಡೆಯುತ್ತದೆ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಈ ರೋಗದ ಬಗ್ಗೆ ಅಧ್ಯಯನ ಮಾಡಿ ಆ ಮದ್ದನ್ನು ಅಡಿಕೆಗೆ ತಂದರು. ಇಂದಿಗೂ ನಾವು ಅದನ್ನೇ ಸಿಂಪಡಿಸುತ್ತೇವೆ.

ಇನ್ನೊಂದು ನೆಂಟಸ್ತಿಕೆ ಇದಕ್ಕಿಂತ ವಿಚಿತ್ರ. 2020ರ ಕೊನೆಯಲ್ಲಿ ಮಂಗಳೂರು, ಉಡುಪಿಯ ತೀರದಲ್ಲಿ ರಾತ್ರಿ ತೆರೆಗಳು ನೀಲಿಯಾಗಿ ಹೊಳೆದದ್ದು ನೆನಪಿದೆ ಅಲ್ವಾ? ಹಾಗೆ ಹೊಳೆಯುವ ನಾಕ್ಟಿಲೂಕಾ ಒಂದು ಡೈನೊಫ್ಲ್ಯಾಜೆಲೇಟ್. ಒಂದೇ ಜೀವಕೋಶ, ಆದರೂ ಬರಿಗಣ್ಣಿಗೆ ಚುಕ್ಕಿಯಂತೆ ಕಾಣುವಷ್ಟು ದೊಡ್ಡದು. ನೀರು ಕದಡಿದರೆ ಮಿನುಗುತ್ತದೆ. ಅದರ ದೂರದ ನೆಂಟ ಪ್ಲಾಸ್ಮೋಡಿಯಂ, ಅಂದರೆ ಮಲೇರಿಯಾ ತರುವ ಜೀವಿ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಕಂಡದ್ದು ಇದನ್ನೇ. ಮಂಗಳೂರಿನವರಿಗೆ ಮಲೇರಿಯಾವನ್ನು ಬೇರೆ ಪರಿಚಯಿಸಬೇಕಾಗಿಲ್ಲ. ಇಲ್ಲಿ ಜಾಸ್ತಿ ಕಾಡಿದ್ದು ವೈವಾಕ್ಸ್ ಎಂಬ ಜಾತಿ. ಅದು ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಜ್ವರ ತರಬಲ್ಲದು. ಜ್ವರ ಬಿಟ್ಟ ಮೇಲೂ 14 ದಿನ ಪ್ರೈಮಾಕ್ವಿನ್ ಮಾತ್ರೆ ನುಂಗಿಸುವುದು ಅದಕ್ಕಾಗಿ.

ಪ್ಲಾಸ್ಮೋಡಿಯಂನ ಒಳಗೆ ಎಪಿಕೋಪ್ಲಾಸ್ಟ್ ಎಂಬ ಪುಟ್ಟ ಅಂಗವಿದೆ. ಅದು ಕೆಂಪು ಪಾಚಿಯಲ್ಲಿರುವಂಥ ಅಂಗದ ಉಳಿಕೆ. ಇದರ ಪೂರ್ವಜರು ಒಂದು ಕಾಲದಲ್ಲಿ ಬಿಸಿಲಿನಿಂದ ಅನ್ನ ಮಾಡುತ್ತಿದ್ದವರು. ಈಗ ಬಣ್ಣವಿಲ್ಲ, ಬೆಳಕು ಹಿಡಿಯುವ ಕೆಲಸವೂ ಇಲ್ಲ. ಆದರೂ ಅದಿಲ್ಲದೆ ಪ್ಲಾಸ್ಮೋಡಿಯಂ ಬದುಕುವುದಿಲ್ಲ. ಮಲೇರಿಯಾ ತಡೆಯಲು ಕೊಡುವ ಡಾಕ್ಸಿಸೈಕ್ಲಿನ್ ಹೊಡೆಯುವುದು ಇದೇ ಅಂಗಕ್ಕೆ.