ಅಕ್ಕಿ ಚೀಲದ ಮೇಲಿನ ನವಿಲು

ಗಂಗಾವತಿಯಿಂದ ತಂಗಿಯ ಮಗ ಫೋನ್ ಮಾಡಿದ್ದ. ಅವರದು ಅಕ್ಕಿ ವ್ಯಾಪಾರ, ಅವನಜ್ಜನ ಕಾಲದಿಂದ ನಡೆದು ಬಂದದ್ದು. ಈಗ ಇವನಿಗೆ ಬೆಂಗಳೂರಿನ ಮನೆಗಳಿಗೆ ನೇರವಾಗಿ ಅಕ್ಕಿ ಕಳಿಸುವ ಆಸೆ. ವೆಬ್‌ಸೈಟ್ ಮಾಡಿಕೊಡುವವರು ಸಿಕ್ಕಿದ್ದಾರೆ, ಫೋಟೊ ತೆಗೆದಾಗಿದೆ, ಹೆಸರೊಂದೇ ಬಾಕಿ.

"ಮಾಮಾ, ಗಂಗಾವತಿ ಸೋನಾ ಮಸೂರಿ ರೈಸ್ ಡಾಟ್ ಕಾಮ್ ಅಂತ ಇಡೋಣೇನು? ಜನ ಗೂಗಲ್‌ನ್ಯಾಗ ಹುಡುಕೋದು ಅದನ್ನ ಅಲ್ಲೇನು? ಇಲ್ಲಾಂದ್ರ ನಮ್ಮ ಅಜ್ಜನ ನವಿಲು ಮಾರ್ಕು ಐತಲ್ಲ, ಅದನ್ನ ಇಡೋಣ?"

ಒಂದು ವಾರ ಈ ಪ್ರಶ್ನೆ ನನ್ನ ತಲೆಯಲ್ಲೇ ಇತ್ತು. ಕೇಳಿದವನು ನನ್ನ ಅಳಿಯನಾದರೂ ಕೇಳಬೇಕಾದವರು ಬಹಳ ಮಂದಿ ಇದ್ದಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು, ಕಿನ್ನಾಳದಲ್ಲಿ ಗೊಂಬೆ ಮಾಡುವವರು, ರಾಯಚೂರಿನಲ್ಲಿ ಹತ್ತಿ, ಅಕ್ಕಿ ಮಾರುವವರು, ಎಲ್ಲರೂ ಒಂದಲ್ಲ ಒಂದು ದಿನ ಇದೇ ಕವಲಿನಲ್ಲಿ ನಿಲ್ಲುತ್ತಾರೆ. ಮಾರುವ ವಸ್ತುವಿನ ಹೆಸರನ್ನೇ ವಿಳಾಸಕ್ಕೆ ಇಡಬೇಕೋ, ತನ್ನದೇ ಒಂದು ಹೆಸರು ಕಟ್ಟಿಕೊಳ್ಳಬೇಕೋ?

ಕಂಪ್ಯೂಟರಿಗೆ ಹೆಸರೇ ಬೇಕಿಲ್ಲ ಎಂಬಲ್ಲಿಂದ ಶುರು ಮಾಡಿದರೆ ವಿಷಯ ಬೇಗ ತಿಳಿಯುತ್ತದೆ. ಅಂತರ್ಜಾಲದಲ್ಲಿ ಒಂದು ಯಂತ್ರ ಇನ್ನೊಂದನ್ನು ತಲುಪುವುದು ಸಂಖ್ಯೆಯಿಂದ. ಮೊದಮೊದಲು ಯಾವ ಹೆಸರಿಗೆ ಯಾವ ಸಂಖ್ಯೆ ಎಂಬ ಪಟ್ಟಿ ಒಂದೇ ಒಂದು ಕಡತದಲ್ಲಿತ್ತು, ಅದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ನೋಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಒಂದೇ ಕಡತ ಸಾಲದೆ ಹೋಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಎಂಜಿನಿಯರು, ಆ ಪಟ್ಟಿಯನ್ನು ಜಗತ್ತಿನಾದ್ಯಂತ ಹಂಚಿಟ್ಟು, ಕೇಳಿದಾಗ ಒಬ್ಬರಿಂದೊಬ್ಬರಿಗೆ ವಿಚಾರಿಸಿ ಉತ್ತರ ತರುವ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವುದು ಅದೇ. ಅಂದರೆ ಡೊಮೇನ್ ಹೆಸರು ಎಂಬ ಈ ವೆಬ್‌ಸೈಟ್ ವಿಳಾಸ ಹುಟ್ಟಿದ್ದೇ ಮನುಷ್ಯರ ನೆನಪಿಗಾಗಿ. ಹಾಗಾಗಿ ಅಳಿಯನ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮೊದಲು ಹೋದದ್ದು ಕಂಪ್ಯೂಟರ್ ವಿಜ್ಞಾನಕ್ಕಲ್ಲ, ಮನೋವಿಜ್ಞಾನಕ್ಕೆ.

1987ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಅಪರಿಚಿತ ಮುಖಗಳನ್ನು ತೋರಿಸಿ, ಪ್ರತಿಯೊಬ್ಬರ ಹೆಸರನ್ನೂ ಕಸುಬನ್ನೂ ಹೇಳಿಕೊಡುವುದು. ಆಮೇಲೆ ಎಷ್ಟು ನೆನಪಿದೆ ಎಂದು ಕೇಳುವುದು. ಪದಗಳಲ್ಲಿ ಕೆಲವು ಎರಡೂ ಕಡೆ ಸಲ್ಲುವಂಥವು. ನಮ್ಮ ಕಡೆ ಇದನ್ನು ವಿವರಿಸಿ ಹೇಳಬೇಕಾದ್ದೇ ಇಲ್ಲ: ಹೂಗಾರ, ಪತ್ತಾರ, ಕುಂಬಾರ, ಬಡಿಗೇರ, ಎಲ್ಲ ಅಡ್ಡಹೆಸರುಗಳೇ, ಎಲ್ಲ ಕಸುಬುಗಳೇ. "ಇವರು ಹೂಗಾರ ಅಂತ" ಎಂದು ಪರಿಚಯಿಸಿದರೆ ನಾಳೆಗೆ ಮರೆತುಹೋಗುತ್ತದೆ. "ಇವರು ಹೂ ಕಟ್ಟುವ ಹೂಗಾರರು" ಎಂದರೆ ಮಾಲೆ, ಬಾಳೆನಾರು, ದೇವಸ್ಥಾನ, ಮಲ್ಲಿಗೆ ವಾಸನೆ, ಇಷ್ಟೂ ಮನಸ್ಸಿಗೆ ಬಂದು ಆ ಪದವನ್ನು ಹಿಡಿದು ನಿಲ್ಲಿಸುತ್ತವೆ. ಪ್ರಯೋಗದಲ್ಲಿ ಕಂಡದ್ದೂ ಅದೇ. ಪದ ಒಂದೇ ಆಗಿದ್ದರೂ, ಕಸುಬಾಗಿ ಕೇಳಿದ್ದು ಹೆಸರಾಗಿ ಕೇಳಿದ್ದಕ್ಕಿಂತ ಚೆನ್ನಾಗಿ ನೆನಪಿತ್ತು.

ಇದನ್ನು ಓದಿದಾಗ, ಹಾಗಾದರೆ ಅಳಿಯ ಹೇಳಿದ್ದೇ ಸರಿ, ಅರ್ಥವಿರುವ ಪದವೇ ಗೆಲ್ಲುತ್ತದೆ ಅನ್ನಿಸಿತು. ಅವಸರದ ತೀರ್ಮಾನ ಅದು.

ಕೊಪ್ಪಳದ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಯಾಕೆಂದು ಗೊತ್ತಾಗುತ್ತದೆ. ಗವಿಸಿದ್ಧೇಶ್ವರ ಕಿರಾಣಿ, ಗವಿಸಿದ್ಧೇಶ್ವರ ಮೆಡಿಕಲ್ಸ್, ಗವಿಸಿದ್ಧೇಶ್ವರ ಹೋಟೆಲ್. ಗವಿಮಠದ ಮೇಲಿನ ಭಕ್ತಿಯಿಂದ ಇಟ್ಟ ಹೆಸರುಗಳು, ಆ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ "ಗವಿಸಿದ್ಧೇಶ್ವರದಾಗ ತಗೊಂಡೆ" ಎಂದರೆ ಕೇಳಿದವರು "ಯಾವ ಗವಿಸಿದ್ಧೇಶ್ವರ?" ಎಂದೇ ಕೇಳುತ್ತಾರೆ. ಇದಕ್ಕೊಂದು ಅಳತೆಯೂ ಸಿಕ್ಕಿದೆ. ಜಾನ್ ಆ್ಯಂಡರ್ಸನ್ ಎಂಬ ಮನೋವಿಜ್ಞಾನಿ 1974ರಲ್ಲಿ, ಒಂದು ಪದಕ್ಕೆ ಎಷ್ಟು ಹೆಚ್ಚು ಸಂಗತಿಗಳು ಅಂಟಿಕೊಂಡಿರುತ್ತವೆಯೋ ಅವುಗಳಲ್ಲಿ ಬೇಕಾದ ಒಂದನ್ನು ಗುರುತಿಸಲು ನಮಗೆ ಅಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ತೋರಿಸಿಕೊಟ್ಟರು. ಒಂದೇ ಹಿಡಿಯಿಂದ ಕಡ್ಡಿಗಳು ಹರಡಿಕೊಂಡಂತೆ ಇರುವುದರಿಂದ ಇದನ್ನು ಬೀಸಣಿಗೆ ಪರಿಣಾಮ ಎನ್ನುತ್ತಾರೆ. ಗಂಗಾವತಿ, ಸೋನಾ, ಮಸೂರಿ, ರೈಸ್: ಈ ನಾಲ್ಕೂ ಪದಗಳ ಬೀಸಣಿಗೆಗೆ ನೂರಾರು ಕಡ್ಡಿಗಳು. ಊರಿನ ಪ್ರತಿ ಗಿರಣಿಯೂ ಒಂದು ಕಡ್ಡಿ. ಕೊಂಡವರಿಗೆ ಅಕ್ಕಿ ನೆನಪಿರುತ್ತದೆ, ಕೊಟ್ಟವರು ನೆನಪಿರುವುದಿಲ್ಲ.

ಗೂಗಲ್‌ನಂಥ ಹುಡುಕುಯಂತ್ರಕ್ಕೂ ಇದೇ ಗೊಂದಲ. ಹುಡುಕಾಟ ಎಲ್ಲವೂ ಒಂದೇ ಬಗೆಯದಲ್ಲ ಎಂದು ಆಂಡ್ರೇ ಬ್ರೋಡರ್ ಎಂಬ ಕಂಪ್ಯೂಟರ್ ವಿಜ್ಞಾನಿ 2002ರಲ್ಲೇ ವಿಂಗಡಿಸಿದ್ದರು. ಏನೋ ತಿಳಿಯಲು ಹುಡುಕುವುದು ಒಂದು, ಏನೋ ಕೊಳ್ಳಲೋ ಮಾಡಲೋ ಹುಡುಕುವುದು ಇನ್ನೊಂದು, ಗೊತ್ತಿರುವ ಜಾಗಕ್ಕೇ ಹೋಗಲು ಹುಡುಕುವುದು ಮತ್ತೊಂದು. ಯಾರಾದರೂ "ಗಂಗಾವತಿ ಸೋನಾ ಮಸೂರಿ" ಎಂದು ಒತ್ತಿದರೆ, ಅವರು ನನ್ನ ಅಳಿಯನ ಅಂಗಡಿಗೇ ಹೊರಟವರೋ, ಅಕ್ಕಿ ಬೇಕೆಂದು ಬಂದವರೋ ಯಂತ್ರಕ್ಕೆ ಹೇಗೆ ತಿಳಿಯಬೇಕು? ಅದು ಎಲ್ಲ ಅಂಗಡಿಗಳನ್ನೂ ಸಾಲಾಗಿ ನಿಲ್ಲಿಸುತ್ತದೆ. ಹಳೆಯ ಗಿರಾಕಿ ವಾಪಸು ಬರುವ ದಾರಿಯಲ್ಲೇ ಹತ್ತು ಮಂದಿ ಎದುರಾಳಿಗಳು ನಿಂತಿರುತ್ತಾರೆ. ಬೇರೆ ಯಾರಿಗೂ ಇಲ್ಲದ ಹೆಸರನ್ನು ಒತ್ತಿದರೆ ಆ ತೊಂದರೆ ಇಲ್ಲ.

ಒಂದು ಕಾಲದಲ್ಲಿ ಲೆಕ್ಕ ಬೇರೆ ಇತ್ತು ಎಂಬುದು ನಿಜ. ಹುಡುಕುವ ಪದವೇ ವಿಳಾಸದಲ್ಲಿದ್ದರೆ ಗೂಗಲ್ ಅದನ್ನು ಮೇಲೆ ತರುತ್ತಿತ್ತು. ಒಳಗೆ ಹುರುಳಿಲ್ಲದ ಪುಟಗಳೂ ಹೆಸರಿನ ಬಲದಿಂದಲೇ ಮೊದಲ ಸಾಲಿಗೆ ಬರುತ್ತಿದ್ದವು. 2012ರ ಸೆಪ್ಟೆಂಬರಿನಲ್ಲಿ ಗೂಗಲ್ ಇದಕ್ಕೆ ಕಡಿವಾಣ ಹಾಕಿತು. ಆ ಬದಲಾವಣೆ ಅಮೆರಿಕದ ಇಂಗ್ಲಿಷ್ ಹುಡುಕಾಟಗಳಲ್ಲಿ ಶೇ. 0.6ರಷ್ಟನ್ನು ಮುಟ್ಟಿತೆಂದು ಗೂಗಲ್‌ನ ಮ್ಯಾಟ್ ಕಟ್ಸ್ ಆಗ ತಿಳಿಸಿದ್ದರು. ಕೇಳಲು ಸಣ್ಣ ಸಂಖ್ಯೆ. ಆದರೆ ವಿಳಾಸದಲ್ಲಿ ಪದ ತುರುಕಿದರೆ ಸಾಕು ಎಂಬ ವ್ಯಾಪಾರಕ್ಕೆ ಅಲ್ಲಿಂದ ಬೆಲೆ ಇಳಿಯಿತು. ಹಳೆಯ ಸಲಹೆ ಮಾತ್ರ ಇನ್ನೂ ಊರೂರು ತಿರುಗುತ್ತಿದೆ, ನನ್ನ ಅಳಿಯನ ಕಿವಿಗೂ ಅದೇ ಬಿದ್ದಿದೆ.

ವಸ್ತುವಿನ ಹೆಸರಿಗೆ ಇನ್ನೊಂದು ಕಷ್ಟವಿದೆ, ಅದು ನಿಧಾನವಾಗಿ ಕಾಣಿಸಿಕೊಳ್ಳುವಂಥದ್ದು. ಗುಣವನ್ನು ಸೂಚಿಸುವ ಹೆಸರುಗಳ ಬಗ್ಗೆ ಮಾರ್ಕೆಟಿಂಗ್ ಪ್ರಾಧ್ಯಾಪಕ ಕೆವಿನ್ ಕೆಲ್ಲರ್ ಮತ್ತು ಸಂಗಡಿಗರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಂಥ ಹೆಸರು ಆ ಗುಣವನ್ನು ಜನರ ಮನಸ್ಸಿನಲ್ಲಿ ಚೆನ್ನಾಗಿ ಕೂರಿಸುತ್ತದೆ. ಆದರೆ ಮುಂದೆ ಬೇರೊಂದು ಗುಣವನ್ನು ಹೇಳಲು ಹೊರಟರೆ ಅದೇ ಹೆಸರು ಅಡ್ಡ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಸೋನಾ ಮಸೂರಿ ಒಂದೇ ಬೆಳೆಯುವುದಿಲ್ಲ, ಆರ್‌ಎನ್‌ಆರ್ ಎಂಬ ಇನ್ನೊಂದು ಭತ್ತದ ತಳಿಯನ್ನೂ ಬೆಳೆಯುತ್ತಾರೆ. ನಾಳೆ ಅಳಿಯ ಅದನ್ನು ಮಾರಬಹುದು, ನುಚ್ಚು ಮಾರಬಹುದು, ಜೋಳ ಮಾರಬಹುದು. ಸೋನಾ ಮಸೂರಿ ಎಂಬ ಫಲಕದ ಕೆಳಗೆ ಜೋಳ ಮಾರುವುದು ಹೇಗೆ? ಅಮೆಜಾನ್ ಪುಸ್ತಕ ಮಾರಲೆಂದೇ ಶುರುವಾದ ಅಂಗಡಿ, ಹೆಸರು ಮಾತ್ರ ನದಿಯದು. ಹಾಗಾಗಿ ಅದು ಸೀರೆಯನ್ನೂ ಕುಕ್ಕರನ್ನೂ ಸಂಕೋಚವಿಲ್ಲದೆ ಮಾರುತ್ತದೆ.

ಊರಿನ ಹೆಸರೂ ಸ್ಥಿರವಲ್ಲ. 2014ರ ನವೆಂಬರ್ 1ರಂದು ಬಳ್ಳಾರಿಯ ಇಂಗ್ಲಿಷ್ ಕಾಗುಣಿತ ಬದಲಾಯಿತು, ಹಳೆಯ ಕಾಗುಣಿತದಲ್ಲಿ ವಿಳಾಸ ಕಟ್ಟಿಕೊಂಡವರು ಹಾಗೇ ಉಳಿದರು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಬಳ್ಳಾರಿ ಜಿಲ್ಲೆಯಿಂದಲೇ ಹೊರಗಾಯಿತು.

ಕಾನೂನಿನ ಮಾತು ಎರಡೇ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸರಕಿನ ಬಗೆಯನ್ನೋ ಹುಟ್ಟಿದ ಊರನ್ನೋ ಮಾತ್ರ ಹೇಳುವ ಪದಗಳನ್ನು, ಬಳಕೆಯಿಂದ ಅವು ಪ್ರತ್ಯೇಕ ಗುರುತು ಗಳಿಸಿರದಿದ್ದರೆ, ಯಾರೂ ತಮ್ಮದೆಂದು ನೋಂದಾಯಿಸಿಕೊಳ್ಳುವಂತಿಲ್ಲ. ಡೊಮೇನ್ ಹೆಸರಿಗೂ ಟ್ರೇಡ್ ಮಾರ್ಕಿನಂಥ ರಕ್ಷಣೆ ಉಂಟೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿತು. ಅಲ್ಲಿ ಗೆದ್ದದ್ದು ಆ ಕಂಪನಿ ತಾನೇ ಕಟ್ಟಿಕೊಂಡಿದ್ದ "ಸಿಫಿ" ಎಂಬ ಪದ.

ವಸ್ತುವಿನ ಹೆಸರು ಎಲ್ಲೂ ಬೇಡವೆಂದಲ್ಲ. ಹುಲಿಗಿಗೋ ಅಂಜನಾದ್ರಿಗೋ ಬಂದವರಿಗೆ ಗಾಡಿ ಬಾಡಿಗೆಗೆ ಕೊಡುವವರಿದ್ದರೆ, ಊರು ಮತ್ತು ಬಾಡಿಗೆ ಗಾಡಿ ಎಂಬ ಪದಗಳನ್ನೇ ವಿಳಾಸದಲ್ಲಿಡಲಿ. ಯಾತ್ರಿಕರು ಒಮ್ಮೆ ಬರುತ್ತಾರೆ, ಒಮ್ಮೆ ಹುಡುಕುತ್ತಾರೆ, ನೆನಪಿಟ್ಟುಕೊಳ್ಳುವ ಅಗತ್ಯ ಅವರಿಗಿಲ್ಲ. ಅಕ್ಕಿ ಹಾಗಲ್ಲ. ಚೀಲ ಖಾಲಿಯಾದಾಗಲೆಲ್ಲ ಮತ್ತೆ ಬೇಕು. ವ್ಯಾಪಾರ ಉಳಿಯುವುದು ಎರಡನೆಯ ಚೀಲದಿಂದ, ಎರಡನೆಯ ಚೀಲ ಬರುವುದು ನೆನಪಿನಿಂದ. ಅಳಿಯನ ಅಜ್ಜ ಇದನ್ನು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದರು. ಓದಲು ಬಾರದವರೂ "ನವಿಲು ಚೀಲ ಕೊಡ್ರಿ" ಎಂದು ಕೇಳಲಿ ಅಂತಲೇ ಚೀಲದ ಮೇಲೆ ಚಿತ್ರ ಹಾಕಿಸಿದ್ದರು.

ಇಷ್ಟಾದರೂ ನಮ್ಮಂಥವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ನಾವು ಹೆಸರನ್ನು ಹೇಳುವುದು ಕನ್ನಡದಲ್ಲಿ, ಒತ್ತುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಬಾಯಿಂದ ಕಿವಿಗೆ, ಕಿವಿಯಿಂದ ಬೆರಳಿಗೆ ಬರುವಷ್ಟರಲ್ಲಿ ಹೆಸರು ಒಡೆದುಹೋಗುತ್ತದೆ. ಲೆಕ್ಕ ಹಾಕಿ ನೋಡಿದೆ. ಗಂಗಾವತಿಯ "ಗಾ"ಗೆ ಎ ಒಂದೋ ಎರಡೋ? "ವ"ಕ್ಕೆ ವಿ ಬೇಕೋ ಡಬ್ಲ್ಯು ಬೇಕೋ? "ತಿ"ಗೆ ಬರೀ ಟಿ ಸಾಕೋ, ಜೊತೆಗೆ ಎಚ್ ಬೇಕೋ? ಸೋನಾದ ಕೊನೆಗೆ ಎ ಎಷ್ಟು? ಮಸೂರಿಯ "ಸೂ"ಗೆ ಯು ಹಾಕಬೇಕೋ, ಎರಡು ಓ ಹಾಕಬೇಕೋ? ಐದು ಕಡೆ ಎರಡೆರಡು ದಾರಿ ಅಂದರೆ 32 ಕಾಗುಣಿತ. ವಿಳಾಸ ಅವುಗಳಲ್ಲಿ ಒಂದೇ. ಕಿನ್ನಾಳದ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿರುವ ಇಂಗ್ಲಿಷ್ ಹೆಸರಿನಲ್ಲಿ, ನಾವು ಎಂದೂ ಉಚ್ಚರಿಸದ ಎಚ್ ಒಂದು ನಡುವೆ ಕೂತಿದೆ. ಕೇಳಿ ಒತ್ತುವವರಿಗೆ ಅದು ಹೊಳೆಯುವುದಾದರೂ ಹೇಗೆ?

ಇಂಗ್ಲಿಷಿನವರಿಗೂ ಈ ಪೆಟ್ಟು ಬಿದ್ದಿದೆ. ಅಮೆಜಾನ್‌ಗೆ 1994ರಲ್ಲಿ ಮೊದಲು ಇಟ್ಟಿದ್ದ ಹೆಸರು ಕಡಾಬ್ರಾ. ಫೋನಿನಲ್ಲಿ ಕೇಳಿದ ವಕೀಲರಿಗೆ ಅದು ಹೆಣ ಎಂಬರ್ಥದ ಇಂಗ್ಲಿಷ್ ಪದದಂತೆ ಕೇಳಿಸಿ, ಹೆಸರು ಬದಲಾಯಿತು.

ಕನ್ನಡ ಲಿಪಿಯಲ್ಲೇ ವಿಳಾಸ ಬರೆಯುವ ದಾರಿಯೂ ಇದೆ. ಕೊನೆಗೆ ಡಾಟ್ ಭಾರತ ಎಂದು ಕನ್ನಡದಲ್ಲೇ ಬರೆಯಬಹುದು, ಒಳಗೆ ಅದು ಇಂಗ್ಲಿಷ್ ಅಕ್ಷರಗಳ ಒಂದು ಸಂಕೇತವಾಗಿ ಬದಲಾಗಿ ಸಾಗುತ್ತದೆ. ಆಗ ಗಂಗಾವತಿಗೆ ಒಂದೇ ಕಾಗುಣಿತ. ಕನ್ನಡದ "ಗ" ಮತ್ತು ತೆಲುಗಿನ "ಗ" ಕಣ್ಣಿಗೆ ಒಂದೇ ಥರ ಕಾಣುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ಮೋಸ ಮಾಡುವ ಅಪಾಯವೂ ಇದೆ. ಎರಡೂ ಲಿಪಿಯ ಫಲಕಗಳನ್ನು ಪಕ್ಕಪಕ್ಕ ಓದುವ ಬಳ್ಳಾರಿಯವರಿಗೆ ಇದು ಬೇಗ ಅರ್ಥವಾದೀತು. ನನ್ನ ಮಟ್ಟಿಗೆ ಕನ್ನಡ ವಿಳಾಸ ಇರಲೇಬೇಕು. ಆದರೆ ಇವತ್ತಿನ ಬೆಂಗಳೂರಿನ ಗಿರಾಕಿಗೆ ಅದೊಂದೇ ಸಾಲದು.

ವಾರದ ಕೊನೆಗೆ ಅಳಿಯನಿಗೆ ಫೋನ್ ಮಾಡಿ ಹೇಳಿದೆ: ಗಂಗಾವತಿ, ಸೋನಾ ಮಸೂರಿ, ಹಳೆ ಅಕ್ಕಿ ಈ ಪದಗಳೆಲ್ಲ ಪುಟದ ತಲೆಬರಹದಲ್ಲಿ, ಮೊದಲ ಸಾಲಿನಲ್ಲಿ ಇರಲಿ, ಹುಡುಕುಯಂತ್ರ ಅವನ್ನು ಅಲ್ಲಿ ಓದಿಕೊಳ್ಳುತ್ತದೆ. ವಿಳಾಸಕ್ಕೆ ನವಿಲಿರಲಿ. ನವಿಲು ಒಂದೇ ಪದವಾಗಿ ಸಿಗುವುದು ಕಷ್ಟ, ಅದಕ್ಕೆ ಅಕ್ಕಿ ಸೇರಿಸೋಣ. ನವಿಲು ಮತ್ತು ಅಕ್ಕಿ ಸೇರಿದರೆ ಉಕಾರ ಲೋಪವಾಗಿ ನವಿಲಕ್ಕಿ. ದೀರ್ಘವಿಲ್ಲ, ಮಹಾಪ್ರಾಣವಿಲ್ಲ, ಳ-ಣಗಳಿಲ್ಲ. "ವ" ಒಂದೇ ಸ್ವಲ್ಪ ಅನುಮಾನದ್ದು.

"ನವಿಲಕ್ಕಿ," ಎಂದು ಅವನು ಎರಡು ಸಲ ಹೇಳಿಕೊಂಡ. "ಚಲೋ ಐತಿ ಮಾಮಾ. ಅಜ್ಜ ಇದ್ದಿದ್ರ ಖುಷಿ ಪಡ್ತಿದ್ದ."

ಆದರೂ ಪರೀಕ್ಷೆ ಮಾಡದೆ ದುಡ್ಡು ಕಟ್ಟಬೇಡ ಎಂದೆ. ಮೂರು ಮಂದಿಗೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಇಂಗ್ಲಿಷಿನಲ್ಲಿ ಬರೆದು ಕಳಿಸಿ ಎಂದು ಕೇಳಬೇಕು, ಅಷ್ಟೇ. ರಾಯಚೂರಿನ ಅತ್ತಿಗೆ ಸರಿಯಾಗಿ ಬರೆದರು. ಸಿಂಧನೂರಿನ ಗೆಳೆಯನೂ ಸರಿಯಾಗಿ ಬರೆದ. ಬೆಂಗಳೂರಿನಲ್ಲಿರುವ ಮಂಡ್ಯದವರೊಬ್ಬರು ಕೇಳಿದರು: "ನವಿಲು ಹಕ್ಕಿನಾ? ಚೆನ್ನಾಗಿದೆಯಲ್ಲಾ." ನಡುವೆ ಎಚ್ ಸೇರಿಸಿ ಕಳಿಸಿದರು. ಹಳೇ ಮೈಸೂರು ಕಡೆಯ ಆಡುಮಾತಿನಲ್ಲಿ ಹಕಾರ ಬಿದ್ದು "ಹಕ್ಕಿ" ಎಂಬುದು "ಅಕ್ಕಿ" ಎಂದೇ ಕೇಳಿಸುತ್ತದೆ, ಹಾಗಾಗಿ ಅಕ್ಕಿ ಎಂದರೂ ಅವರ ಕಿವಿ ಹಕ್ಕಿಯನ್ನು ಹುಡುಕಿಕೊಳ್ಳುತ್ತದೆ. ಇದು ನನಗೆ ಹೊಳೆದೇ ಇರಲಿಲ್ಲ. ಅವನ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಆ ಕಡೆಯವರೇ ಇದ್ದಾರು.

"ಹಂಗಾದ್ರ ಎರಡೂ ತಗೊಂಡ್ಬಿಡ್ತೀನಿ ಮಾಮಾ," ಎಂದ. ತೆಗೆದುಕೊಂಡ. ಎಚ್ ಇರುವ ವಿಳಾಸ ಒತ್ತಿದರೂ ಈಗ ಎಚ್ ಇಲ್ಲದ ಅಂಗಡಿಯೇ ತೆರೆಯುತ್ತದೆ.