ಕಟ್ಟಡದೊಳಗೆ ಸೈಕಲ್ಲಿಗೊಂದು ಜಾಗ: ತಡವಾಗಿ ಬಂದ ನಿಯಮದ ಹಿನ್ನೆಲೆ

ಹೊಸ ಕಟ್ಟಡದ ನಕ್ಷೆಯಲ್ಲಿ ಕಾರು ನಿಲ್ಲಿಸುವ ಜಾಗ ಎಷ್ಟಿರಬೇಕೆಂದು ವಿಧಿಸುವ ಪರಿಪಾಠ ಹಲವು ದೇಶಗಳ ನಗರಗಳಲ್ಲಿ ದಶಕಗಳಿಂದ ನಡೆದು ಬಂದಿದೆ. ಸೈಕಲ್ಲಿನ ವಿಷಯದಲ್ಲಿ ಅಂಥ ಕಟ್ಟುನಿಟ್ಟು ಕಾಣಿಸಿಕೊಂಡದ್ದು ಬಹಳ ತಡವಾಗಿ. ಎಷ್ಟೋ ಕಡೆ ಇಂದಿಗೂ ಅದು ಕಟ್ಟಡದ ಮಾಲೀಕರ ಮರ್ಜಿಗೆ ಬಿಟ್ಟ ಸಂಗತಿ. ಕಾರಿಗಿಂತ ಮೊದಲೇ ರಸ್ತೆಗಿಳಿದ ವಾಹನವೊಂದು ಹೀಗೆ ಹಿಂದೆ ಬಿದ್ದದ್ದು ಹೇಗೆ ಎಂಬುದನ್ನು ತಿಳಿಯದೆ ಇಂದಿನ ನಿಯಮಗಳ ಬಲಾಬಲವೂ ಅರ್ಥವಾಗುವುದಿಲ್ಲ.

ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ಹೆಚ್ಚುಕಡಿಮೆ ಸಮಗಾತ್ರದ ಎರಡು ಗಾಲಿ, ಹಿಂದಿನ ಗಾಲಿಯನ್ನು ತಿರುಗಿಸುವ ಚೈನು ಇರುವ ‘ರೋವರ್’ ಸೈಕಲನ್ನು ಹೊರತಂದರು. 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟೈರು ಬಂದಿತು. 1890ರ ದಶಕದಲ್ಲಿ ಯೂರೋಪು ಮತ್ತು ಅಮೆರಿಕದ ನಗರಗಳಲ್ಲಿ ಸೈಕಲ್ಲಿನ ಹುಚ್ಚೇ ಹಬ್ಬಿದಾಗ ಅದು ದುಬಾರಿ ವಸ್ತುವಾಗಿತ್ತು. ಆದ್ದರಿಂದ ಅದನ್ನು ಬೀದಿಯಲ್ಲಿ ಬಿಟ್ಟು ಹೋಗುವವರು ಕಡಿಮೆ. ಮುಂದೆ ಬೆಲೆ ಇಳಿದು ಕಾರ್ಮಿಕರೆಲ್ಲ ಸೈಕಲ್ ಏರಿದ ಮೇಲೆ ಕಾರ್ಖಾನೆಗಳ ಅಂಗಳದಲ್ಲಿ ಸೂರು ಹೊದಿಸಿದ ಸಾಲುಗಳು ಎದ್ದವು. ನೆದರ್‌ಲೆಂಡ್ಸ್‌ನಲ್ಲಿ ಕಾವಲುಗಾರನ ಕೈಗೆ ಸೈಕಲ್ ಒಪ್ಪಿಸಿ ಹೋಗುವ ನಿಲ್ದಾಣಗಳು ಬೇರೂರಿದವು. ಇವೆಲ್ಲ ಬಹುಮಟ್ಟಿಗೆ ಅನುಕೂಲಕ್ಕಾಗಿ ಹುಟ್ಟಿದ ವ್ಯವಸ್ಥೆಗಳೇ ಹೊರತು ಕಟ್ಟಡದ ಕಾನೂನಿನಿಂದ ಬಂದವಲ್ಲ. ಹಾಗಾಗಿ ಅನುಕೂಲದ ಲೆಕ್ಕ ಬದಲಾದಾಗ ಅವನ್ನು ತೆಗೆದುಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಲೆಕ್ಕ ಬದಲಿಸಿದ್ದು ಕಾರು. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರ 1923ರಲ್ಲೇ ವಸತಿ ಸಮುಚ್ಚಯಗಳು ಕಾರಿಗೆ ಜಾಗ ಒದಗಿಸಬೇಕೆಂದು ವಿಧಿಸಿತು. ಎರಡನೆಯ ಮಹಾಯುದ್ಧದ ನಂತರ ಇಂಥ ನಿಯಮಗಳು ಊರಿಂದೂರಿಗೆ ಹರಡಿದವು. ಆ ಹೊತ್ತಿಗೆ ಅಮೆರಿಕದಲ್ಲಿ ಸೈಕಲ್ ಮಕ್ಕಳ ಆಟದ ಸಾಮಾನಾಗಿತ್ತು, ನಿಯಮ ಬರೆಯುವವರ ಕಣ್ಣಿಗೆ ಅದು ಬೀಳಲೇ ಇಲ್ಲ.

ನೆದರ್‌ಲೆಂಡ್ಸ್‌ನ ಕಥೆ ಬೇರೆ. ಅಲ್ಲಿ ಯುದ್ಧಾನಂತರದ ಮನೆಗಳಿಗೆ ಸೈಕಲ್ ಇಡಲು ಬೀಗ ಹಾಕಬಹುದಾದ ಉಗ್ರಾಣ ಇರಬೇಕೆಂಬ ನಿಯಮವಿತ್ತು. ಕಟ್ಟಡ ನಿಯಮಗಳ ಹೊರೆ ತಗ್ಗಿಸುವ ಉತ್ಸಾಹದಲ್ಲಿ 2003ರ ಸಂಹಿತೆ ಅದನ್ನು ಕೈಬಿಟ್ಟಿತು. ಜನಸಂಖ್ಯೆಗಿಂತ ಸೈಕಲ್ಲುಗಳೇ ಹೆಚ್ಚಿರುವ ದೇಶದಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕಾದ ಅಗತ್ಯವಿಲ್ಲ, ಕಟ್ಟುವವರು ತಾವಾಗಿಯೇ ಒದಗಿಸುತ್ತಾರೆ ಎಂಬ ಎಣಿಕೆ ಸಹಜವಾಗಿಯೇ ಕಾಣುತ್ತದೆ. ಆದರೆ 2012ರ ಸಂಹಿತೆಯಲ್ಲಿ ಆ ನಿಯಮವನ್ನು ಮರಳಿ ತರಬೇಕಾಯಿತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ಒಂಬತ್ತು ವರ್ಷಗಳ ಅವಧಿಯೇ. ಬೇಡಿಕೆ ಎಷ್ಟೇ ಇರಲಿ, ಮಾರಲು ಬರುವ ಪ್ರತಿ ಚದರ ಮೀಟರಿನ ಜೊತೆ ಸೈಕಲ್ಲಿನ ಜಾಗ ಪೈಪೋಟಿಗಿಳಿದರೆ ಸೋಲುವುದು ಸೈಕಲ್ಲೇ.

ಜಪಾನಿನಲ್ಲಿ ಒತ್ತಡ ಬಂದದ್ದು ರೈಲು ನಿಲ್ದಾಣಗಳ ಕಡೆಯಿಂದ. 1970ರ ದಶಕದಲ್ಲಿ ಉಪನಗರಗಳ ನಿಲ್ದಾಣಗಳ ಎದುರು ಬಿಟ್ಟುಹೋದ ಸೈಕಲ್ಲುಗಳು ದಾರಿಯನ್ನೇ ಮುಚ್ಚತೊಡಗಿದಾಗ 1980ರಲ್ಲಿ ಸೈಕಲ್ ಸುರಕ್ಷತೆ ಮತ್ತು ನಿಲುಗಡೆಗೆ ಸಂಬಂಧಿಸಿದ ಕಾಯ್ದೆ ಬಂದಿತು. ದೊಡ್ಡ ಅಂಗಡಿಗಳಂಥ ಜನ ಸೇರುವ ಕಟ್ಟಡಗಳು ತಮ್ಮ ಗಿರಾಕಿಗಳ ಸೈಕಲ್ಲಿಗೆ ತಾವೇ ಜಾಗ ಕೊಡಬೇಕೆಂದು ಸ್ಥಳೀಯ ಆಡಳಿತಗಳು ಉಪವಿಧಿ ಮಾಡಿದವು. ಟೋಕಿಯೊದ ಕಸಾಯಿ ನಿಲ್ದಾಣದ ಅಡಿಯಲ್ಲಿ 2008ರಲ್ಲಿ ತೆರೆದ ತಾಣ ಸುಮಾರು 9,400 ಸೈಕಲ್ಲುಗಳನ್ನು ಹಿಡಿಸುತ್ತದೆ. ಅದರ ಬಹುಭಾಗ ಸೈಕಲ್ಲನ್ನು ತಾನೇ ಎತ್ತಿಕೊಂಡು ನೆಲದಡಿಗೆ ಒಯ್ಯುವ ಯಂತ್ರ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ನಿಲ್ದಾಣದಲ್ಲಿ 2019ರಲ್ಲಿ ಪೂರ್ಣಗೊಂಡ 12,500 ಸೈಕಲ್ಲುಗಳ ತಾಣ ಗಾತ್ರದಲ್ಲಿ ಇದನ್ನೂ ಮೀರಿಸಿತು.

ಇನ್ನು ಕಳ್ಳತನದ ವಿಷಯ. ಜಾಗವಿದ್ದರೆ ಸಾಲದು, ಅಲ್ಲಿ ಬೀಗ ಹಾಕಲು ಏನಿದೆ ಎಂಬುದೇ ನಿರ್ಣಾಯಕ. ಹಳೆಯ ಕಟ್ಟಡಗಳ ಮುಂದೆ ಈಗಲೂ ಕಾಣುವ ಸ್ಟ್ಯಾಂಡು ನೆಲಮಟ್ಟದಲ್ಲಿ ಮುಂದಿನ ಗಾಲಿಯನ್ನಷ್ಟೇ ಕಚ್ಚಿ ಹಿಡಿಯುತ್ತದೆ. ಪಕ್ಕದ ಸೈಕಲ್ ತಗುಲಿ ಅದು ವಾಲಿದರೆ ಇಡೀ ಭಾರ ಗಾಲಿಯ ಮೇಲೆ ಬಿದ್ದು ರಿಮ್ಮು ಸೊಟ್ಟಗಾಗುತ್ತದೆ. ಬೀಗವೂ ಆ ಗಾಲಿಗೆ ಮಾತ್ರ ಎಟುಕುವುದರಿಂದ ಕಳ್ಳನು ಗಾಲಿಯನ್ನು ಕಳಚಿ ಅಲ್ಲೇ ಬಿಟ್ಟು ಮಿಕ್ಕ ಸೈಕಲ್ಲನ್ನು ಹೊತ್ತೊಯ್ಯಬಹುದು. ಕೈಯಲ್ಲೇ ಸಡಿಲಿಸುವ ಲಿವರ್ ಇರುವ ಗಾಲಿಗಾದರೆ ಪಾನಾ ಕೂಡ ಬೇಕಿಲ್ಲ. ಶೆಫೀಲ್ಡ್ ಸ್ಟ್ಯಾಂಡ್ ಎಂದು ಹೆಸರಾದ, ದಪ್ಪ ಕೊಳವೆಯನ್ನು ಬಗ್ಗಿಸಿ ಎರಡೂ ತುದಿಗಳನ್ನು ನೆಲಕ್ಕೆ ಹೂಳಿದ ಸರಳ ಕಮಾನು ಈ ತೊಡಕನ್ನು ಬಗೆಹರಿಸಿತು. ಅದರ ಇಕ್ಕೆಲಗಳಲ್ಲಿ ಎರಡು ಸೈಕಲ್ ಒರಗಿಸಿ, ಫ್ರೇಮು ಮತ್ತು ಗಾಲಿ ಎರಡನ್ನೂ ಸೇರಿಸಿ ಬೀಗ ಹಾಕಬಹುದು. 1970ರ ದಶಕದಲ್ಲಿ ಬಂದ ಉಕ್ಕಿನ ಯು ಆಕಾರದ ಬೀಗಕ್ಕೆ ಇದು ಹೇಳಿ ಮಾಡಿಸಿದ ಜೋಡಿ. ಆದರೆ ಆ ಬೀಗಗಳಲ್ಲಿ ಕೆಲವನ್ನು ಅಗ್ಗದ ಬಾಲ್‌ಪೆನ್ನಿನ ಕೊಳವೆಯಿಂದಲೇ ತೆರೆಯಬಹುದೆಂದು 2004ರಲ್ಲಿ ಬಯಲಾಯಿತು, ಈಗಂತೂ ಬ್ಯಾಟರಿಯಿಂದ ಓಡುವ, ಲೋಹ ಕತ್ತರಿಸುವ ಗ್ರೈಂಡರ್ ಎದುರು ನಿಲ್ಲುವ ಬೀಗಗಳು ವಿರಳ. ಬೀಗವೊಂದನ್ನೇ ನಂಬುವಂತಿಲ್ಲ ಎಂದಾದ ಮೇಲೆ, ಇಡೀ ದಿನ ಅಥವಾ ರಾತ್ರಿ ನಿಲ್ಲುವ ಸೈಕಲ್ಲಿಗೆ ಬಾಗಿಲಿರುವ, ನಿವಾಸಿಗಳು ಅಥವಾ ನೌಕರರಷ್ಟೇ ಪ್ರವೇಶಿಸಬಹುದಾದ ಕೋಣೆಯೇ ಬೇಕೆಂಬ ವಾದ ಗಟ್ಟಿಯಾಯಿತು.

ನ್ಯೂಯಾರ್ಕ್ ನಗರ 2009ರಲ್ಲಿ ಈ ದಿಕ್ಕಿನಲ್ಲಿ ಎರಡು ಹೆಜ್ಜೆ ಇಟ್ಟಿತು. ಹತ್ತಕ್ಕಿಂತ ಹೆಚ್ಚು ಮನೆಗಳ ಹೊಸ ಸಮುಚ್ಚಯದಲ್ಲಿ ಪ್ರತಿ ಎರಡು ಮನೆಗೆ ಒಂದು ಸೈಕಲ್ ಜಾಗ ಇರಬೇಕೆಂದು ತನ್ನ ವಲಯ ನಿಯಮವನ್ನು, ಅಂದರೆ ನಗರದ ಯಾವ ಭಾಗದಲ್ಲಿ ಏನನ್ನು ಹೇಗೆ ಕಟ್ಟಬಹುದೆಂಬ ನಿಯಮವನ್ನು, ತಿದ್ದಿತು. ಅದೇ ವರ್ಷದ ಇನ್ನೊಂದು ಕಾನೂನು, ಸರಕು ಲಿಫ್ಟ್ ಇರುವ ಹಳೆಯ ಕಚೇರಿ ಕಟ್ಟಡಗಳಲ್ಲಿ ಬಾಡಿಗೆದಾರರು ಕೋರಿದರೆ ನೌಕರರ ಸೈಕಲ್ಲಿಗೆ ಪ್ರವೇಶ ಕೊಡಬೇಕೆಂದು ವಿಧಿಸಿತು. ಎರಡನೆಯದು ಹೆಚ್ಚು ಜಾಣತನದ್ದು, ಏಕೆಂದರೆ ಹೊಸ ಕಟ್ಟಡಗಳ ನಿಯಮ ಒಂದು ನಗರದ ಬಹುಪಾಲು ಕಟ್ಟಡಗಳನ್ನು ಮುಟ್ಟುವುದೇ ಇಲ್ಲ.

ಯೂರೋಪಿಯನ್ ಒಕ್ಕೂಟವು ಕಟ್ಟಡಗಳ ಇಂಧನ ಬಳಕೆ ಕುರಿತು 2024ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಮೂರಕ್ಕಿಂತ ಹೆಚ್ಚು ಕಾರು ನಿಲುಗಡೆ ಇರುವ ಹೊಸ ವಸತಿ ಕಟ್ಟಡಗಳು ಪ್ರತಿ ಮನೆಗೆ ಕನಿಷ್ಠ ಎರಡು ಸೈಕಲ್ ಜಾಗ ಕೊಡಬೇಕೆಂದು ಹೇಳಿದೆ. ಸಂಖ್ಯೆಯೇನೋ ಉದಾರವಾಗಿದೆ. ಆದರೆ ಸಂಖ್ಯೆಯನ್ನು ಪೂರೈಸಿಯೂ ಉಪಯೋಗಕ್ಕೆ ಬಾರದ ಕೋಣೆ ಕಟ್ಟುವುದು ಕಷ್ಟವಲ್ಲ: ಕಡಿದಾದ ಮೆಟ್ಟಿಲಿಳಿದು ಹೋಗಬೇಕಾದ ನೆಲಮಾಳಿಗೆ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದವರು ಇನ್ನೊಂದು ಕೈಯಿಂದ ತಳ್ಳಲಾಗದ ಭಾರದ ಬಾಗಿಲು, ಇಪ್ಪತ್ತು–ಇಪ್ಪತ್ತೈದು ಕಿಲೋ ತೂಗುವ ವಿದ್ಯುತ್ ಸೈಕಲ್ಲನ್ನು ಎದೆಮಟ್ಟಕ್ಕೆ ಎತ್ತಬೇಕಾದ ಎರಡಂತಸ್ತಿನ ಸ್ಟ್ಯಾಂಡು. ಇಂಥ ಕೋಣೆ ಖಾಲಿ ಬಿದ್ದರೆ ಬೇಡಿಕೆಯೇ ಇಲ್ಲವೆಂಬ ಷರಾ ಬರೆದು ಅದನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಲು ನೆಪವೂ ಸಿಗುತ್ತದೆ.

ವಿದ್ಯುತ್ ಸೈಕಲ್ ಭಾರದ ಜೊತೆಗೆ ಬೆಂಕಿಯ ಪ್ರಶ್ನೆಯನ್ನೂ ತಂದಿದೆ. ನ್ಯೂಯಾರ್ಕ್ ನಗರವೊಂದರಲ್ಲೇ 2023ರಲ್ಲಿ ಲಿಥಿಯಂ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಗೆ 18 ಮಂದಿ ಬಲಿಯಾದರು. ಅದೇ ವರ್ಷ ನಗರವು ಮಾನ್ಯತೆಯಿಲ್ಲದ ಬ್ಯಾಟರಿಗಳ ಮಾರಾಟವನ್ನು ನಿಷೇಧಿಸಿತು. ಅಷ್ಟಕ್ಕೆ ನೆಮ್ಮದಿಯಾಗದ ಮಾಲೀಕರು ಇಂಥ ಸೈಕಲ್ಲುಗಳನ್ನೇ ಕಟ್ಟಡದ ಒಳಗೆ ಬಿಡದಿದ್ದರೆ, ಒಳಗೆ ತರುವ ಹಕ್ಕಿಗಾಗಿ ವರ್ಷಗಟ್ಟಲೆ ನಡೆದ ಪ್ರಯತ್ನ ಮತ್ತೆ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಚಾರ್ಜಿಂಗ್ ವ್ಯವಸ್ಥೆಯನ್ನು ಮೆಟ್ಟಿಲು ಮತ್ತು ನಿರ್ಗಮನ ದ್ವಾರಗಳಿಂದ ದೂರವಿಟ್ಟು, ಬೆಂಕಿ ತಡೆಯುವ ಗೋಡೆಗಳ ನಡುವೆ ಅಥವಾ ಕಟ್ಟಡದ ಹೊರಗೆ ಪ್ರತ್ಯೇಕವಾಗಿ ಕಲ್ಪಿಸುವುದು ಸಾಧ್ಯವಿದೆ. ಹಳೆಯ ಕಟ್ಟಡಗಳಲ್ಲಿ ಅದರ ಖರ್ಚನ್ನು ಮಾಲೀಕರು ಹೊರಬೇಕೆ, ಬಳಸುವವರು ಹೊರಬೇಕೆ ಎಂಬುದರ ಮೇಲೆ ಈಗಿನ ಜಗ್ಗಾಟ ನಡೆದಿದೆ.